ಹೊಟ್ಟೆಪಾಡಿಗೆ ಏನು ಮಾಡ್ತೀರಿ?

ಬಸವನಗುಡಿಯ ಮನೆಗಳಲ್ಲಿ ಹೊಸಬರನ್ನು ವಿಚಾರಿಸಿಕೊಳ್ಳುವುದಕ್ಕೆ ಒಂದು ಕ್ರಮವಿದೆ. ಮೊದಲು ಊರು, ಆಮೇಲೆ ಯಾರ ಪೈಕಿ, ಆಮೇಲೆ ಕೆಲಸ. ಮೊದಲೆರಡಕ್ಕೆ ಉತ್ತರ ಸರಿಹೋದರೆ ಮೂರನೆಯದರಲ್ಲಿ ಸ್ವಲ್ಪ ರಿಯಾಯಿತಿ ಸಿಗುವುದುಂಟು. ಆದರೆ ‘ಟೀವಿಗೆ ಕಾಮಿಡಿ ಬರೀತೀನಿ’ ಎಂದರೆ ಆ ರಿಯಾಯಿತಿಯೂ ರದ್ದು. ಕೇಳಿದವರು ಒಂದು ಗಳಿಗೆ ಸುಮ್ಮನಿದ್ದು, ಕಾಫಿ ಲೋಟ ಕೆಳಗಿಟ್ಟು, ಕಾಯಿಲೆಯವರನ್ನು ಮಾತಾಡಿಸುವ ದನಿಯಲ್ಲಿ ಕೇಳುತ್ತಾರೆ: ‘ಅದು ಸರಿ, ಹೊಟ್ಟೆಪಾಡಿಗೆ ಏನು ಮಾಡ್ತೀರಿ?’

ಇದರಲ್ಲಿ ಕುಹಕವೇನಿಲ್ಲ. ನಗು ಬೇಡವೆನ್ನುವ ಬಡಾವಣೆಯೂ ಇದಲ್ಲ. ಬೆಳಗಾದರೆ ಪಾರ್ಕಿನಲ್ಲಿ ನಗೆಕೂಟದವರು ಎರಡೂ ಕೈ ಮೇಲೆತ್ತಿ ಗಹಗಹಿಸುತ್ತಾರೆ, ಬಿಪಿಗೆ ಒಳ್ಳೆಯದಂತೆ. ಸಂಜೆ ಎಲ್ಲಾದರೂ ಹಾಸ್ಯೋತ್ಸವವಿದ್ದು ಪ್ರವೇಶ ಉಚಿತ ಎಂದರೆ ಆರು ಗಂಟೆಯ ಕಾರ್ಯಕ್ರಮಕ್ಕೆ ಐದಕ್ಕೇ ಕುರ್ಚಿಯ ಮೇಲೆ ಕರ್ಚೀಫು ಬಿದ್ದಿರುತ್ತದೆ. ಆರೋಗ್ಯಕ್ಕಾಗಿ ನಗಬಹುದು, ಪುಕ್ಕಟೆ ಸಿಕ್ಕರೆ ನಗಬಹುದು. ನಗಿಸಿದ ಮನುಷ್ಯ ಅದೇ ದುಡ್ಡಿನಲ್ಲಿ ಮನೆ ಬಾಡಿಗೆ ಕಟ್ಟುತ್ತಾನೆ ಎಂಬುದನ್ನು ಮಾತ್ರ ನಮ್ಮ ಹಿರಿಯರಿಗೆ ನಂಬುವುದು ಕಷ್ಟ.

ಅವರ ಅನುಮಾನಕ್ಕೆ ಇತಿಹಾಸದ ಆಧಾರವೂ ಇದೆ ಅನ್ನಿ. 1942ರಲ್ಲಿ ‘ಕೊರವಂಜಿ’ಯನ್ನು ಶುರುಮಾಡಿ ಕಾಲು ಶತಮಾನ ಕನ್ನಡಿಗರನ್ನು ನಗಿಸಿದ ರಾಶಿ, ಅಂದರೆ ಎಂ. ಶಿವರಾಂ, ವೃತ್ತಿಯಿಂದ ಡಾಕ್ಟರು. ನಗು ಅವರಿಗೆ ಕೈಯಿಂದ ದುಡ್ಡು ಹಾಕಿ ಮಾಡುವ ಸೇವೆ. ಕೈಲಾಸಂ ಲಂಡನ್ನಿಗೆ ಹೋಗಿ ಭೂಗರ್ಭಶಾಸ್ತ್ರ ಓದಿ ಬಂದು, ಸರ್ಕಾರಿ ಕೆಲಸಕ್ಕೆ ಸೇರಿ, ಅದನ್ನು ಬಿಟ್ಟು ನಾಟಕದ ಹಿಂದೆ ಬಿದ್ದರು. ಇಂದಿಗೂ ಅವರ ಹೆಸರೆತ್ತಿದರೆ ನಮ್ಮ ಬೀದಿಯ ಹಳಬರಿಂದ ಎರಡು ಮಾತು ಬರುತ್ತದೆ. ‘ಎಂಥಾ ಬುದ್ಧಿವಂತ!’ ಎಂಬುದು ಒಂದು. ‘ಆ ಕೆಲಸ ಬಿಡಬಾರದಿತ್ತು’ ಎಂಬುದು ಇನ್ನೊಂದು.

ಹೀಗಾಗಿ ಹಾಸ್ಯವೆಂಬುದು ಈ ಭಾಗದಲ್ಲಿ ಬಹುಕಾಲ ಆಫೀಸು ಮುಗಿದ ಮೇಲಿನ ಬಾಬತ್ತಾಗಿಯೇ ಉಳಿಯಿತು. ಬ್ಯಾಂಕು, ಎ.ಜಿ. ಆಫೀಸು, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳಲ್ಲಿ ಹಗಲು ಹಾಜರಿ ಹಾಕಿ, ಸಂಜೆ ಯಾವುದೋ ಶಾಲೆಯ ಕೊಠಡಿಯಲ್ಲಿ ಬೆಂಚು ಪಕ್ಕಕ್ಕೆ ಸರಿಸಿ ತಾಲೀಮು ಮಾಡಿದವರ ದೊಡ್ಡ ಪಡೆಯೇ ಬೆಂಗಳೂರಿನಲ್ಲಿತ್ತು. ಕಾಲೇಜಿನ ಹುಡುಗರಿಗೆ ನ್ಯಾಷನಲ್ ಕಾಲೇಜಿನ ಹಿಸ್ಟ್ರಿಯಾನಿಕ್ಸ್ ಕ್ಲಬ್ ಇತ್ತು. ಅದರ ಬೆನ್ನಿಗಿದ್ದವರು ಎಚ್. ನರಸಿಂಹಯ್ಯ: ಭೌತಶಾಸ್ತ್ರದ ಮೇಷ್ಟ್ರು, ಗಾಂಧಿವಾದಿ, ಖಾದಿ ಟೋಪಿಯ ಬ್ರಹ್ಮಚಾರಿ. ಹಾಸ್ಟೆಲಿನ ಒಂದು ಕೋಣೆಯಲ್ಲಿ ಜೀವಮಾನ ಕಳೆದ ಮನುಷ್ಯ ಹುಡುಗರು ಬಣ್ಣ ಹಚ್ಚಿಕೊಳ್ಳುವುದನ್ನು ಬೆಂಬಲಿಸಿದ್ದು ನನಗೆ ಇಂದಿಗೂ ಬೆರಗು. ಮುಂದೆ ರಂಗದ ಮೇಲೆ ಕೈಲಾಸಂ ಆಗಿಯೇ ಓಡಾಡಿದ ಸಿ.ಆರ್. ಸಿಂಹ ಆ ಕಾಲೇಜಿನವರೇ.

1981ರಲ್ಲಿ ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂತು. ಅದಕ್ಕೆ ಕಲಾವಿದರು ಬೇಕಾದಾಗ ತಯಾರಾಗಿ ನಿಂತಿದ್ದವರು ಈ ಸಂಜೆ ತಾಲೀಮಿನ ಮಂದಿಯೇ. ಎಂಬತ್ತರ ದಶಕದ ನಡುವಿನಲ್ಲಿ ಬಂದ ‘ಸಿಹಿ ಕಹಿ’ ಕನ್ನಡದ ಮೊದಲ ಹಾಸ್ಯ ಧಾರಾವಾಹಿಗಳಲ್ಲೊಂದು. ರಮೇಶ್ ಭಟ್ಟರ ‘ಕ್ರೇಜಿ ಕರ್ನಲ್’ನ್ನೂ ಆ ಕಾಲದವರು ಮರೆತಿಲ್ಲ. ಆಗ ಧಾರಾವಾಹಿಯೆಂದರೆ ವಾರಕ್ಕೊಂದು ಕಂತು. ಬರೆಯುವವನಿಗೆ ಯೋಚಿಸಲು ಆರು ದಿನ, ನೋಡುವವನಿಗೆ ಮೆಲುಕು ಹಾಕಲು ಆರು ದಿನ. ಅಂಥ ನೆಮ್ಮದಿ ಮತ್ತೆ ಯಾರಿಗೂ ಸಿಗಲಿಲ್ಲ.

‘ಸಿಹಿ ಕಹಿ’ಯಲ್ಲಿ ಜೊತೆಯಾಗಿ ನಟಿಸಿದ ಚಂದ್ರು ಮತ್ತು ಗೀತಾ ನಿಜಜೀವನದಲ್ಲೂ ಮದುವೆಯಾದರು, ಧಾರಾವಾಹಿ ಮುಗಿದರೂ ಅದರ ಹೆಸರು ಇಬ್ಬರ ಹೆಸರಿನ ಹಿಂದೆ ಖಾಯಂ ಆಯಿತು. ಪಾತ್ರವನ್ನೇ ಮನೆತನದ ಹೆಸರಾಗಿ ಅಂಟಿಸುವ ಈ ಚಾಳಿ ನಮ್ಮಲ್ಲಿ ಬಲವಾಗಿದೆ. ‘ಮುಖ್ಯಮಂತ್ರಿ’ ನಾಟಕದಿಂದ ಬಂದ ಮುಖ್ಯಮಂತ್ರಿ ಚಂದ್ರು ವಿಧಾನಸೌಧದ ಎಷ್ಟೋ ಮುಖ್ಯಮಂತ್ರಿಗಳು ಮಾಜಿಯಾದ ಮೇಲೂ ಹಾಲಿಯಾಗಿಯೇ ಇದ್ದಾರೆ. ಈ ಸಾಲಿನಲ್ಲಿ ಬಸವನಗುಡಿಯ ಹಿರಿಯರು ತುಂಬುಮನಸ್ಸಿನಿಂದ ಒಪ್ಪುತ್ತಿದ್ದ ಹೆಸರು ಒಂದೇ, ಬ್ಯಾಂಕ್ ಜನಾರ್ದನ್. ಅವರು ನಿಜವಾಗಿಯೂ ಬ್ಯಾಂಕಿನಲ್ಲಿದ್ದವರು.

ಆಮೇಲೆ ಖಾಸಗಿ ವಾಹಿನಿಗಳು ಬಂದವು. 1994ರಲ್ಲಿ ಉದಯ, 2000ದ ಕೊನೆಗೆ ಈಟಿವಿ. ವಾರಕ್ಕೊಂದಿದ್ದದ್ದು ದಿನಕ್ಕೊಂದಾಯಿತು. ಅಲ್ಲಿಂದ ನಗಿಸುವುದು ಹವ್ಯಾಸದ ಸಾಲಿನಿಂದ ಕೂಲಿಯ ಸಾಲಿಗೆ ಬಂತು. ಸಿಹಿ ಕಹಿ ಚಂದ್ರು ನಿರ್ಮಿಸಿದ ‘ಪಾಪ ಪಾಂಡು’ ಸಾವಿರ ಕಂತು ದಾಟಿತು. ಸಾವಿರ ಎಂದರೆ ಏನೆಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಇಂಗ್ಲಿಷರು ತಮ್ಮ ಶ್ರೇಷ್ಠ ಹಾಸ್ಯ ಧಾರಾವಾಹಿಗಳಲ್ಲೊಂದೆಂದು ಇಂದಿಗೂ ಎದೆಯುಬ್ಬಿಸುವ ‘ಫಾಲ್ಟಿ ಟವರ್ಸ್’ ಬಂದದ್ದು ಒಟ್ಟು 12 ಕಂತು, ಅದೂ 1975ರಲ್ಲಿ ಆರು, 1979ರಲ್ಲಿ ಆರು. ಜಾನ್ ಕ್ಲೀಸ್ ಮತ್ತು ಕಾನಿ ಬೂತ್ ಒಂದೊಂದು ಕಂತನ್ನೂ ತಿದ್ದಿ ತೀಡಿ ಬರೆದರು. ವಾರಕ್ಕೈದು ದಿನದ ನಮ್ಮ ಲೆಕ್ಕದಲ್ಲಿ 12 ಕಂತೆಂದರೆ ಎರಡೂವರೆ ವಾರದ ಕೆಲಸವೂ ಅಲ್ಲ. ಕ್ಲೀಸ್ ಸಾಹೇಬರನ್ನು ಒಂದು ಸಲ ನಮ್ಮ ದೈನಿಕ ಧಾರಾವಾಹಿಗೆ ಕೂರಿಸಿದ್ದರೆ ಮೂರನೇ ಸೋಮವಾರ ಅವರ ಫೋನು ಸ್ವಿಚ್ ಆಫ್ ಆಗಿರುತ್ತಿತ್ತು.

ನಾನೂ ಕೆಲಕಾಲ ಇಂಥದೊಂದು ಬರವಣಿಗೆಯಲ್ಲಿ ಕೈಯಾಡಿಸಿದವನು. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಜಾಹೀರಾತು ಕಳೆದರೆ ಇಪ್ಪತ್ತು, ಇಪ್ಪತ್ತೆರಡು ನಿಮಿಷ ಉಳಿಯುತ್ತದೆ. ಅಷ್ಟಕ್ಕೆ ನಗು ತುಂಬಬೇಕು. ಅದು ದೊಡ್ಡ ಮಾತಲ್ಲ. ಕಷ್ಟವಿರುವುದು ‘ಡೇಟ್ಸ್’ನಲ್ಲಿ. ನೀವು ಅತ್ತೆ–ಸೊಸೆ ನಡುವೆ ಸೊಗಸಾದ ಜಗಳ ಬರೆದು ಮುಗಿಸುವ ಹೊತ್ತಿಗೆ ಮ್ಯಾನೇಜರ್ ಫೋನ್ ಮಾಡುತ್ತಾನೆ: ‘ಸಾರ್, ಅತ್ತೆಗೆ ನಾಲ್ಕು ದಿನ ಸಿನಿಮಾ ಶೂಟಿಂಗ್ ಇದೆಯಂತೆ, ಅವರಿಲ್ಲದೇ ಮಾಡ್ಕೊಡಿ.’ ಅತ್ತೆಯನ್ನು ಕಾಶಿಗೆ ಕಳಿಸಬೇಕು. ಕನ್ನಡ ಕಿರುತೆರೆಯಿಂದ ಕಾಶಿಗೆ ಹೋಗಿಬಂದ ಅತ್ತೆಯರ ಲೆಕ್ಕ ಆ ವಿಶ್ವನಾಥನಿಗೇ ಗೊತ್ತು. ಅತ್ತೆ ಹೋದರೆಂದು ಸೊಸೆ ಮತ್ತು ಮಾವನಿಗೆ ಬರೆದುಕೊಟ್ಟರೆ, ಶೂಟಿಂಗಿಗೆ ಬಾಡಿಗೆ ಕೊಟ್ಟ ಮನೆಯವರು ‘ನಾಳೆ ನಮ್ಮ ಮನೆಯಲ್ಲಿ ವೈದಿಕ, ಹಾಲ್ ಬಿಟ್ಟುಕೊಡಿ’ ಅನ್ನುತ್ತಾರೆ. ಆಗ ಇಡೀ ಸಂಸಾರ ಜಗಲಿಗೆ ಬರಬೇಕು. ಜಗಲಿಯಲ್ಲಿ ಟೇಕ್ ಶುರುವಾದ ಕೂಡಲೇ ಬೀದಿಯಲ್ಲಿ ಸೊಪ್ಪಿನವಳ ಕೂಗು, ಪಕ್ಕದ ಮನೆಯ ಕುಕ್ಕರಿನ ಸೀಟಿ. ಎಂಟನೇ ಟೇಕಿಗೆ ನಿರ್ದೇಶಕರು ಸುಸ್ತಾಗಿ ‘ಸೊಪ್ಪಿನವಳನ್ನೂ ಸೀನಿಗೆ ಸೇರಿಸಿಬಿಡಿ’ ಎಂದರು. ಮಾರನೇ ವಾರ ಎಲ್ಲರೂ ಮೆಚ್ಚಿಕೊಂಡಿದ್ದು ಅದೊಂದೇ ಸೀನನ್ನು.

ಸಂಭಾವನೆಯ ವಿಷಯ ಮಾತಾಡುವುದು ಬೇಡ. ‘ಟೆಲಿಕಾಸ್ಟ್ ಆದ ಮೇಲೆ’ ಎಂಬ ವಾಯಿದೆಯಿಂದ ‘ಸೀಸನ್ ಮುಗಿದ ಮೇಲೆ’ ಎಂಬ ವಾಯಿದೆಗೆ, ಅಲ್ಲಿಂದ ‘ಮುಂದಿನ ಪ್ರಾಜೆಕ್ಟಿನಲ್ಲಿ ನೋಡೋಣ’ ಎಂಬಲ್ಲಿಗೆ ಹೋಗುವ ದಾರಿ ಈ ಉದ್ಯೋಗದ ಎಲ್ಲರಿಗೂ ಕಣ್ಣುಕಟ್ಟಿದರೂ ಗೊತ್ತು.

ಇಷ್ಟು ಗಡಿಬಿಡಿಯಲ್ಲಿ ಹೊಸತು ಹೊಳೆಯುವುದು ಹೇಗೆ? ಹೊಳೆಯುವುದಿಲ್ಲ, ಹಳೆಯದು ಕೈಹಿಡಿಯುತ್ತದೆ. ಹೆಂಡತಿಯ ಕೈಯಲ್ಲಿ ಏಟು ತಿನ್ನುವ ಪಾಂಡುವನ್ನು ನೋಡಿ. ಪಾಂಡುವಾಗಿ ಚಿದಾನಂದ್ ಬೆನ್ನು ಉಜ್ಜಿಕೊಳ್ಳುತ್ತ, ಹೆಂಡತಿಯಾಗಿ ಶಾಲಿನಿ ಸೆರಗು ಬಿಗಿಯುತ್ತ ಎಷ್ಟು ಜೀವ ತುಂಬಿದರೂ, ಆ ಸಂಸಾರದ ಜಾತಕ ಹುಡುಕಿಕೊಂಡು ಹೋದರೆ ಕೈಲಾಸಂ ಅವರ ‘ಅಮ್ಮಾವ್ರ ಗಂಡ’ನ ಬಾಗಿಲಿಗೆ ಹೋಗಿ ನಿಲ್ಲುತ್ತೀರಿ. ಒಂದು ಹಜಾರ, ನಾಲ್ಕೈದು ಜನ, ಅರ್ಧ ಇಂಗ್ಲಿಷು ಅರ್ಧ ಕನ್ನಡ, ಬಾಗಿಲು ತಟ್ಟಿಕೊಂಡು ತಪ್ಪು ಹೊತ್ತಿಗೆ ಬರುವ ನೆಂಟ: ಟೀವಿ ಹಾಸ್ಯದ ಸಲಕರಣೆಯನ್ನೆಲ್ಲ ಅವರು ಟೀವಿ ಬರುವುದಕ್ಕೆ ಮುಂಚೆಯೇ ತಯಾರು ಮಾಡಿಟ್ಟು ಹೋಗಿದ್ದರು. ಪತ್ರಿಕೆಗಳ ಹಾಸ್ಯದಲ್ಲಿ ಪಳಗಿದ ಎಂ.ಎಸ್. ನರಸಿಂಹಮೂರ್ತಿ ಅವರಂಥವರು ಕಿರುತೆರೆಗೆ ಬರೆಯಲು ಕೂತಾಗ ಆ ಪರಂಪರೆಯೂ ಅವರ ಜೊತೆಯಲ್ಲೇ ಬಂತು. ‘ಸಿಲ್ಲಿ ಲಲ್ಲಿ’ಯ ಸಮಾಜಸೇವಕಿ ಲಲಿತಾಂಬ ಬಂದಾಗ ನಮ್ಮ ಕಡೆಯ ಮಹಿಳಾ ಸಮಾಜದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದು ಪಕ್ಕದ ಬಡಾವಣೆಯ ಸಮಾಜದ ಅಧ್ಯಕ್ಷೆಯನ್ನು ನೋಡಿ ಬರೆದದ್ದೆಂದು ಎಲ್ಲರಿಗೂ ಖಾತ್ರಿಯಿತ್ತು. ಪಕ್ಕದ ಬಡಾವಣೆಯಲ್ಲೂ ಹಾಗೇ ಖಾತ್ರಿಯಿತ್ತಂತೆ.

‘ಕೊರವಂಜಿ’ಗೂ ಟೀವಿಗೂ ಇನ್ನೊಂದು ನಂಟಿದೆ. ಆರ್.ಕೆ. ಲಕ್ಷ್ಮಣ್ ಹೆಸರು ಮಾಡುವ ಮೊದಲು ಗೆರೆ ಪಳಗಿಸಿದ್ದು ‘ಕೊರವಂಜಿ’ಯ ಪುಟಗಳಲ್ಲಿ. ಮುಂದೆ ಮುಂಬಯಿಯಲ್ಲಿ ಅವರ ಶ್ರೀಸಾಮಾನ್ಯ ದೊಡ್ಡವನಾಗಿ, 1988ರಲ್ಲಿ ‘ವಾಗ್ಲೆ ಕೀ ದುನಿಯಾ’ ಆಗಿ ದೂರದರ್ಶನಕ್ಕೆ ಬಂದ. ನಮ್ಮ ಡಾಕ್ಟರ ಪತ್ರಿಕೆಯ ಹುಡುಗನ ಗೆರೆ ದೇಶದ ಮನೆಮನೆಯ ಹಜಾರಕ್ಕೆ ಬಂತು ಎಂದು ನಾವು ಹೆಮ್ಮೆಪಡಬಹುದಿತ್ತು. ನಾವು ಆ ಹೊತ್ತಿನಲ್ಲಿ ಆಂಟೆನಾ ತಿರುಗಿಸುತ್ತಿದ್ದೆವು.

ಬರೆದದ್ದು ಎಷ್ಟೇ ಚೆನ್ನಾಗಿರಲಿ, ಆಡುವ ಬಾಯಿ ಸಿಗದಿದ್ದರೆ ಅದು ಸತ್ತ ಕಾಗದ. ಇದಕ್ಕೆ ನನಗೆ ಮೊದಲು ನೆನಪಾಗುವುದು ಅಪರ್ಣಾ. ದೂರದರ್ಶನದಲ್ಲೂ ಆಕಾಶವಾಣಿಯಲ್ಲೂ ವೇದಿಕೆಗಳಲ್ಲೂ ಅಷ್ಟು ಅಚ್ಚುಕಟ್ಟಾದ ಕನ್ನಡ ಆಡಿದವರು ವಿರಳ. ಹಸಿರು ಮಾರ್ಗದ ಮೆಟ್ರೋದಲ್ಲಿ ನ್ಯಾಷನಲ್ ಕಾಲೇಜು ಬಂತೆಂದು ಕನ್ನಡದಲ್ಲಿ ಹೇಳಿದ ದನಿ ಅವರದ್ದು. ಅದೇ ಅಪರ್ಣಾ 2015ರಲ್ಲಿ ಶುರುವಾದ ಸೃಜನ್ ಲೋಕೇಶರ ‘ಮಜಾ ಟಾಕೀಸ್’ನಲ್ಲಿ ವರಲಕ್ಷ್ಮಿಯಾಗಿ ಬಂದಾಗ ನಮ್ಮಲ್ಲಿ ಕೆಲವರು ಮೂಗು ಮುರಿದರು: ಇಂಥವರಿಗೆ ಇದೆಲ್ಲ ಯಾಕೆ ಬೇಕಿತ್ತು ಅಂತ. ನನಗೆ ಅನ್ನಿಸುವುದು ಬೇರೆ. ಒತ್ತಕ್ಷರ ಎಲ್ಲಿ ಕೂರಬೇಕೆಂದು ಬಲ್ಲವರಿಗೇ ಅದನ್ನು ಎಲ್ಲಿ ಜಾರಿಸಿದರೆ ನಗು ಬರುತ್ತದೆಂದೂ ಗೊತ್ತಿರುತ್ತದೆ. ಆ ಪಾತ್ರದ ಜಂಬ, ಬಿನ್ನಾಣ ಎಲ್ಲ ನಿಂತಿದ್ದದ್ದು ಶುದ್ಧ ಉಚ್ಚಾರಣೆಯ ಮೇಲೆ. ಅವರು ತೀರಿಕೊಂಡದ್ದು 2024ರ ಜುಲೈ 11ರಂದು. ಮಾರನೆಯ ದಿನ ಪತ್ರಿಕೆಗಳೆಲ್ಲ ನಿರೂಪಕಿಯನ್ನು ಮುಂದಿಟ್ಟು ಬರೆದವು. ವರಲಕ್ಷ್ಮಿ ಕೊನೆಯ ಪ್ಯಾರಾಕ್ಕೆ ಸರಿದಳು. ನಗಿಸಿದವರಿಗೆ ಸತ್ತ ಮೇಲೂ ಸ್ವಲ್ಪ ಹಿಂದಿನ ಸಾಲೇ.

ನಗು ಬರದಿದ್ದರೆ ಹಿನ್ನೆಲೆಯಲ್ಲಿ ನಗುವಿನ ಸದ್ದು ಹಾಕುವ ಉಪಾಯವೂ ಇದೆ. ಅಮೆರಿಕದಲ್ಲಿ ಚಾರ್ಲಿ ಡಗ್ಲಸ್ ಎಂಬ ಎಂಜಿನಿಯರು 1950ರ ದಶಕದಲ್ಲೇ ಇದಕ್ಕೊಂದು ಪೆಟ್ಟಿಗೆ ಮಾಡಿಟ್ಟ. ಗುಂಡಿ ಒತ್ತಿದರೆ ಬೇಕಾದ ಅಳತೆಯ ನಗು. ನಮ್ಮ ವಾಹಿನಿಗಳು ಅದನ್ನು ಮದುವೆಮನೆಯ ತುಪ್ಪದ ಹಾಗೆ ಬಡಿಸುತ್ತವೆ, ಬೇಡವೆಂದು ಕೈ ಅಡ್ಡ ಹಿಡಿದರೂ ಬೀಳುತ್ತದೆ. ಬಸವನಗುಡಿಯಲ್ಲಿ ಇದು ನಡೆಯದು. ಇಲ್ಲಿ ಜೋಕು ಕೇಳಿದವರು ನಗುವ ಮುಂಚೆ ಅದರ ಮೂಲ ಹೇಳುತ್ತಾರೆ: ‘ಇದು ಬೀಚಿ ಅವರದಲ್ವೇ?’ ಆಮೇಲೆ ವ್ಯಾಕರಣ ತಿದ್ದುತ್ತಾರೆ. ನಗುವುದು ರಾತ್ರಿ, ಒಬ್ಬರೇ ಇದ್ದಾಗ.

ಗುರುವಾರ ಟಿಆರ್‌ಪಿ ಬರುತ್ತದೆ. ಇಲ್ಲಿ ಗುರುವಾರವೆಂದರೆ ರಾಯರ ದಿನ. ಮಠದ ಸಾಲಿನಲ್ಲಿ ಕೆಲವರು ಮಂತ್ರಾಕ್ಷತೆಗೆ ಕೈಚಾಚಿದ್ದಾರೋ ರೇಟಿಂಗಿಗೋ ಎಂದು ಹೇಳುವುದು ಕಷ್ಟ.

ಈಚೆಗೆ ಹಾಸ್ಯವೆಲ್ಲ ಹಾಳಾಯಿತು ಎಂಬ ಗೊಣಗಾಟ ನಮ್ಮ ಬೀದಿಯಲ್ಲಿ ಜೋರಾಗಿದೆ. ಅರ್ಧ ಒಪ್ಪುತ್ತೇನೆ. ಗಂಡಸಿಗೆ ಸೀರೆ ಉಡಿಸುವುದು, ದಪ್ಪಗಿರುವವರನ್ನು, ಕಪ್ಪಗಿರುವವರನ್ನು ಆಡಿಕೊಳ್ಳುವುದು ಸೋಮಾರಿತನದ ಬರವಣಿಗೆ. ಪಾಂಡುವಿಗೆ ಬಿದ್ದ ಏಟಿನಲ್ಲೂ ಅರ್ಧದಷ್ಟನ್ನು ಕಡಿಮೆ ಮಾಡಬಹುದಿತ್ತು. ಇನ್ನರ್ಧ ಒಪ್ಪುವುದಿಲ್ಲ. ‘ಕಾಮಿಡಿ ಕಿಲಾಡಿಗಳು’ 2016ರಲ್ಲಿ ಶುರುವಾಗಿ ಮೊದಲ ಸರಣಿಯನ್ನು ಶಿವರಾಜ್ ಕೆ.ಆರ್. ಪೇಟೆ ಗೆದ್ದಾಗ ಆದದ್ದು ಒಳ್ಳೆಯದೇ. ಅಲ್ಲಿಯವರೆಗೆ ಕಿರುತೆರೆಯ ಹಾಸ್ಯಕ್ಕೆ ನಮ್ಮ ನಾಲ್ಕು ಬಡಾವಣೆಯ ಹಜಾರವೇ ಕರ್ನಾಟಕವಾಗಿತ್ತು. ಬೇರೆ ಊರಿನವರು ಬಂದರೆ ಅಡುಗೆಯವನಾಗಿಯೋ ಕಳ್ಳನಾಗಿಯೋ ಬರಬೇಕಿತ್ತು. ಮಂಡ್ಯ, ಹುಬ್ಬಳ್ಳಿ, ಕುಂದಾಪುರದ ಮಾತು ತನ್ನ ಹೆಸರಿನಲ್ಲೇ ವೇದಿಕೆ ಹತ್ತಿ, ನಮ್ಮ ‘ಹೌದಲ್ವೇ’, ‘ಏನಂದ್ರಿ’ಗಳನ್ನೇ ಗೇಲಿ ಮಾಡಿದಾಗ ನಮಗೆ ಸ್ವಲ್ಪ ಚುರುಕು ಮುಟ್ಟಿತು. ಮುಟ್ಟಬೇಕಾದ್ದೇ. ಇಷ್ಟು ವರ್ಷ ಬೇರೆಯವರು ಸಹಿಸಿಕೊಂಡಿದ್ದರು.

ಒಂದು ಕೋರಿಕೆಯಿದೆ. ಗಾಂಧಿ ಬಜಾರಿನಲ್ಲೋ ವಿದ್ಯಾರ್ಥಿ ಭವನದ ಸಾಲಿನಲ್ಲೋ ಟೀವಿ ಹಾಸ್ಯದವರು ಎದುರಾದರೆ ‘ಒಂದು ಜೋಕ್ ಹೇಳಿ ಸಾರ್’ ಎನ್ನಬೇಡಿ. ಡಾಕ್ಟರು ಸಿಕ್ಕರೆ ‘ಒಂದು ಇಂಜೆಕ್ಷನ್ ಚುಚ್ಚಿ’ ಎನ್ನುವುದಿಲ್ಲವಲ್ಲ. ಹೊಟ್ಟೆಪಾಡಿನ ಪ್ರಶ್ನೆಯನ್ನು ಕೇಳಿ, ಬೇಸರವಿಲ್ಲ, ಆದರೆ ಸ್ವಲ್ಪ ತಿದ್ದಿಕೊಂಡು ಕೇಳಿ: ‘ಪೇಮೆಂಟ್ ಬಂತೇ?’ ಇಲ್ಲ ಎಂದರೆ ಕಾಫಿಯ ಬಿಲ್ಲು ನೀವೇ ಕೊಡಿ.