ನಕ್ಷೆಯವರಿಗೆ ಬಿನ್ನವತ್ತಳೆ

ವೇದಿಕೆ ಮೇಲಿರುವ ಪೂಜ್ಯರೇ, ಬರಲಾಗದ ಶಾಸಕರ ಪರವಾಗಿ ಬಂದಿರುವ ಅವರ ಆಪ್ತರೇ, ಬರಲಾಗದ ಇನ್ನೊಬ್ಬ ಆಪ್ತರ ಪರವಾಗಿ ಬಂದಿರುವ ಅವರ ಡ್ರೈವರ್ ಅವರೇ, ಶಾಮಿಯಾನ ಸಾಲದೆ ಬಿಸಿಲಿಗೆ ಕುಂತ ಅಣ್ಣ-ತಮ್ಮಂದಿರೇ, ಅಕ್ಕ-ತಂಗಿಯರೇ,

ಮನುಷ್ಯರಿಗೆ ಸನ್ಮಾನ ಮಾಡಿ ಮಾಡಿ ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ತಾಲೂಕಿನಲ್ಲಿ ಶಾಲು ಬೀಳದ ಹೆಗಲು ಉಳಿದಿಲ್ಲ. ಹಂಗಾಗಿ ನಮ್ಮ ಸಮಿತಿ ಈ ಸಲ ಕಾಗದಕ್ಕೆ ಕೈ ಹಾಕಿದೆ. ಈ ಹೊಲದಲ್ಲಿ ಆಗಲಿರುವ ಬಡಾವಣೆಯ ಲೇಔಟ್ ನಕ್ಷೆಯವರೇ ಇಂದಿನ ಸನ್ಮಾನಿತರು. ಬಡಾವಣೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಜಾಹೀರಾತಾಗುತ್ತದೆ, ರೇಟು ಇನ್ನೂ ಏರುತ್ತದೆ.

ಸನ್ಮಾನಿತರು ನಡೆದು ಬಂದ ದಾರಿಯನ್ನು ನೆನೆಯುವುದು ವಾಡಿಕೆ. ನಕ್ಷೆಯವರೇ, ತಾವು ನಡೆದು ಬಂದವರಲ್ಲ. ಕಾರಿನ ಹಿಂದಿನ ಸೀಟಿನಲ್ಲಿ, ಸುರುಳಿ ಸುತ್ತಿಕೊಂಡು, ಎ.ಸಿ. ಗಾಳಿಯಲ್ಲಿ ಬಂದಿರಿ. ತಾವು ಬರುವ ತನಕ ಇಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಸೋನಾ ಮಸೂರಿ ಬೆಳೆಯುತ್ತಿತ್ತು. ತಾವು ಬಂದಿರಿ, ಎಕರೆ ಹೋಗಿ ಥರ್ಟಿ-ಫಾರ್ಟಿ ಬಂತು. ಮೂಲೆ ಸೈಟು, ಪೂರ್ವ ಮುಖದ ಸೈಟು, ವಾಸ್ತು ಸೈಟು ಎಲ್ಲಕ್ಕೂ ತಮ್ಮಲ್ಲಿ ಜಾಗವಿದೆ. ನಡೆಯುವ ಮನುಷ್ಯ ಎಲ್ಲಿ ಎಂದು ನಾನು ಕನ್ನಡಕ ಹಾಕಿಕೊಂಡು ಹುಡುಕಿದೆ. ಅವನು ಬ್ರೋಷರಿನ ಮುಖಪುಟದಲ್ಲಿ ಸಿಕ್ಕ: ಕೋಟು ಹಾಕಿಕೊಂಡು, ನಾಯಿ ಹಿಡಿದುಕೊಂಡು ಹೊರಟಿದ್ದಾನೆ. ನಮ್ಮೂರಿನವನಂತೆ ಕಾಣಲಿಲ್ಲ.

ತಮ್ಮ ಮೂವತ್ತಡಿ ರಸ್ತೆಗಳು ಚೆಂದ. ಗುಂಡಿಯಿಲ್ಲ, ಧೂಳಿಲ್ಲ. ಮಳೆಗಾಲದಲ್ಲಿ ನಮ್ಮ ಎರಿಮಣ್ಣು ಚಪ್ಪಲಿ ಹಿಡಕೊಂಡು, ಕಾಲು ಮುಂದೆ, ಚಪ್ಪಲಿ ಹಿಂದೆ ಆಗುತ್ತದಲ್ಲ, ಅದೂ ತಮ್ಮಲ್ಲಿಲ್ಲ. ಪಕ್ಕದ ಬಡಾವಣೆಯಲ್ಲಿ ತಮ್ಮ ಅಣ್ಣನವರು ಹತ್ತು ವರ್ಷದ ಹಿಂದೆ ಇಷ್ಟೇ ಅಗಲದ ರಸ್ತೆ ಬರೆದಿದ್ದರು. ಈಗ ಅಲ್ಲಿ ಒಂದು ಬದಿ ಬೈಕು ಹತ್ತಿಸುವ ರ‍್ಯಾಂಪು, ಕುಂದ್ರುವ ಕಟ್ಟೆ, ಬಟ್ಟೆ ಒಗೆಯುವ ಕಲ್ಲು. ಇನ್ನೊಂದು ಬದಿ ಉಸುಕಿನ ಗುಡ್ಡೆ, ನಿಂತ ಟ್ರ್ಯಾಕ್ಟರ್ ಟ್ರೇಲರ್. ನಡುವೆ ಉಳಿದದ್ದರಲ್ಲಿ ಶಾಲೆಯ ಮಕ್ಕಳೂ ಟಂಟಂ ಗಾಡಿಯೂ ಎದುರಾದಾಗ, ಹಾದಿ ಬಿಡುವವರು ಯಾವಾಗಲೂ ಮಕ್ಕಳೇ.

ಫುಟ್‌ಪಾತಿನ ಮಾತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬುದೊಂದಿದೆ. ಕಾಂಗ್ರೆಸ್ ಎಂದಕೂಡಲೇ ಡ್ರೈವರ್ ಸಾಹೇಬರು ಎದ್ದು ನಿಲ್ಲಬೇಡಿ, ಅದು ರಸ್ತೆ ಎಂಜಿನಿಯರುಗಳ ಸಂಸ್ಥೆ. ಮನೆಗಳಿರುವ ಬೀದಿಯಲ್ಲೂ ಕಂಬ, ಪೆಟ್ಟಿಗೆ ಅಡ್ಡ ಬಾರದಂತೆ 1.8 ಮೀಟರ್ ನಡೆದಾರಿ ಬಿಡಿ, ಅದರ ಎತ್ತರ 15 ಸೆಂಟಿಮೀಟರ್ ಮೀರದಿರಲಿ ಎಂದು ಅದು ಹೇಳುತ್ತದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಫುಟ್‌ಪಾತ್ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಬರುತ್ತದೆ ಎಂದಿತು. ನಾವು ಕಲ್ಯಾಣ ಕರ್ನಾಟಕದವರು 371(ಜೆ) ಒಂದನ್ನೇ ಬಾಯಿಪಾಠ ಮಾಡಿಕೊಂಡವರು. 21 ನಮ್ಮ ಬೀದಿಯ ತನಕ ಬರುತ್ತದೆಂದು ಗೊತ್ತಿರಲಿಲ್ಲ.

ತಮ್ಮ ಗಿಡಗಳನ್ನೂ ಹೊಗಳಬೇಕು. ಒಂದೇ ಅಳತೆಯ ದುಂಡನೆ ಹಸಿರು ಚುಕ್ಕಿಗಳು. ಎಲೆ ಉದುರುವುದಿಲ್ಲ, ನೀರು ಕೇಳುವುದಿಲ್ಲ. ನೆರಳನ್ನೂ ಕೊಡುವುದಿಲ್ಲ ಎಂಬುದೊಂದೇ ಕೊರತೆ. ನೆರಳಿನ ವಿಷಯ ಬಂದದ್ದಕ್ಕೆ ನೆನಪಾಯಿತು. ಇದೇ ಹಾದಿಯಲ್ಲಿ ಮುಂದೆ, ಮಸ್ಕಿಯ ಗುಡ್ಡದಲ್ಲಿ ಒಬ್ಬ ಹಳೆಯ ಡೆವಲಪರ್ ಬೋರ್ಡು ಹಾಕಿಸಿದ್ದಾನೆ. 1915ರಲ್ಲಿ ಚಿನ್ನ ಹುಡುಕುತ್ತ ಬಂದ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಅದನ್ನು ಕಂಡ. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಖಾತ್ರಿಯಾದದ್ದು ಆ ಬಂಡೆಯಿಂದ. ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಎಟುಕುವುದುಂಟು ಎಂಬ ಅರ್ಥದ ಮಾತು ಅದರಲ್ಲಿದೆ. ಅದೇ ಅಶೋಕ, ಈಗ ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿರುವ ಕಂಬದ ಮೇಲೆ, ದಾರಿಗಳಲ್ಲಿ ಆಲದ ಗಿಡ ಹಚ್ಚಿಸಿದ್ದೇನೆ, ಜನಕ್ಕೂ ದನಕ್ಕೂ ನೆರಳಾಗಲಿ ಎಂದು ಬರೆಸಿದ. ರಸ್ತೆ ಎಷ್ಟು ಅಡಿ ಎಂದು ಬರೆಸಲಿಲ್ಲ. ನಲವತ್ತು ಡಿಗ್ರಿ ದಾಟುವ ನಮ್ಮ ಮೇ ತಿಂಗಳು ಅವನಿಗೆ ಗೊತ್ತಿತ್ತೋ ಏನೋ! ಇವತ್ತು ಸಿಂಧನೂರಿನವರು ಮುಂಜಾನೆ ಎದ್ದು ಕಾಲುವೆ ಏರಿಯ ಮೇಲೆ ವಾಕಿಂಗ್ ಹೋಗುವುದು ಆರೋಗ್ಯಕ್ಕೆಂದು ತಿಳಿಯಬೇಡಿ. ಬಡಾವಣೆಯೊಳಗೆ ನಡೆಯಲು ಜಾಗವಿಲ್ಲದ್ದಕ್ಕೆ.

ತಮ್ಮ ಮಹಾಸಾಧನೆ ಇನ್ನೊಂದಿದೆ, ಆ ಗೋಡೆ. ಜೇವರ್ಗಿಯಿಂದ ಬರುವ 150ಎ ಹೆದ್ದಾರಿ ಲಿಂಗಸುಗೂರು, ಮಸ್ಕಿ, ಸಿಂಧನೂರನ್ನು ಒಂದೇ ದಾರದಲ್ಲಿ ಪೋಣಿಸಿದೆ. ಬಡಾವಣೆಗಳೆಲ್ಲ ಆ ದಾರಕ್ಕೆ ಜೋತು ಬಿದ್ದಿವೆ, ಒಂದಕ್ಕೊಂದು ಮಾತಿಲ್ಲ. ಅವರವರ ಸರ್ವೆ ನಂಬರಿಗೆ ಅವರವರ ನಕ್ಷೆ. ಬಾಂದು ಕಲ್ಲು ಬಂತೆಂದರೆ ರಸ್ತೆ ಖತಂ, ಗೋಡೆ ಶುರು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ನಕ್ಷೆಗೆ ಒಪ್ಪಿಗೆ ಕೊಡುವವರಿಗೆ ಷರತ್ತು ಹಾಕುವ ಅಧಿಕಾರವೂ ಇದೆ. ಅದೇ 1961ರಲ್ಲಿ ಅಮೆರಿಕದಲ್ಲಿ ಜೇನ್ ಜೇಕಬ್ಸ್ ಎಂಬಾಕೆ, ಬೀದಿ ಗಿಡ್ಡವಿರಲಿ, ತಿರುವುಗಳು ಹೆಚ್ಚಿರಲಿ, ಆಗ ಜನ ನಡೆಯುತ್ತಾರೆ ಎಂದು ಪುಸ್ತಕ ಬರೆದಳು. ಇದನ್ನೇ ಹೋದ ವಾರ ನಮ್ಮ ಹಾಲಿನ ಅಜ್ಜಿ ಎರಡು ಮಾತಿನಲ್ಲಿ ಮುಗಿಸಿದಳು: “ಯಪ್ಪಾ, ಆ ಗ್ವಾಡಿಗೆ ಒಂದ್ ಆಳು ಹಾಯುವಷ್ಟು ಕಂಡಿ ಬಿಡ್ರಿ. ಕ್ಯಾನು ಹೊತ್ಕೊಂಡು ಹೈವೇ ಸುತ್ತಾಕ ಆಗವಲ್ದು.”

ಅರ್ಜಿ ತಮ್ಮ ಮುಂದಿಟ್ಟೆವು. ಕಂಡಿ ಬರುವ ಜಾಗದಲ್ಲಿ ಮೂಲೆ ಸೈಟು ಇದೆ, ಅಡ್ವಾನ್ಸ್ ಬಂದಾಗಿದೆ ಎಂದು ತಾವು ತಿಳಿಸಿದಿರಿ. ಆ ದೃಢತೆಗಾಗಿ ಈ ಶಾಲು, ಈ ಹಾರ, ಈ ಹಣ್ಣಿನ ಬುಟ್ಟಿ. ತಾವು ಹೊದ್ದುಕೊಳ್ಳಲಾರಿರಿ, ಆದ್ದರಿಂದ ಶಾಲನ್ನು ತಮ್ಮ ಪರವಾಗಿ ಡ್ರೈವರ್ ಅವರು ಸ್ವೀಕರಿಸುತ್ತಾರೆ.

ಕಡೆಯದಾಗಿ ಒಂದು ಸೂಚನೆ. ಊಟದ ವ್ಯವಸ್ಥೆ ಗೋಡೆಯಾಚೆಯ ಕಲ್ಯಾಣ ಮಂಟಪದಲ್ಲಿದೆ. ಒಗ್ಗರಣೆಯ ವಾಸನೆ ಆಗಲೇ ಎಲ್ಲರಿಗೂ ಬಂದಿರಬೇಕು. ಗಾಡಿ ಇದ್ದವರು ಹೈವೇಗೆ ಹೋಗಿ, ಡಿವೈಡರ್ ಮುಗಿಯುವಲ್ಲಿ ತಿರುಗಿಸಿಕೊಂಡು ಬರ್ರಿ. ನಡಕೊಂಡು ಬರುವವರಿಗೆ ಗೋಡೆಗೆ ಏಣಿ ಹಚ್ಚಿಸಿದ್ದೇವೆ. ಏಣಿ ಒಂದೇ ಇದೆ, ಹಿರಿಯರು ಮೊದಲು ಹತ್ತಬೇಕಾಗಿ ವಿನಂತಿ.