ಕ್ಯಾಲಿಫೋರ್ನಿಯಾದ ತಮ್ಮ

ಕ್ಯಾಲಿಫೋರ್ನಿಯಾದ ತಮ್ಮ ದಸರೆ ಮುಗಿದ ಮೇಲೆ ದೇವಿಕೊಪ್ಪಕ್ಕೆ ಬಂದಿಳಿದರೆ, ಅಪ್ಪ-ಅವ್ವನನ್ನು ನೋಡಲು ಬಂದ ಅಂತ ಊರವರ ಲೆಕ್ಕ. ಅವನು ಬಂದಿರುವುದು ಟ್ರೆಕ್ಕಿಂಗ್‌ಗೆ. ಕಲಘಟಗಿ ತಾಲ್ಲೂಕಿನ ಈ ಊರಿನಿಂದ ಯಲ್ಲಾಪುರದ ಕಡೆ ಹೊರಟರೆ ಜಿಲ್ಲೆ ಮುಗಿದು ಉತ್ತರ ಕನ್ನಡದ ಕಾಡು ಶುರು. ಅಲ್ಲಿ ಮಾಗೋಡಿನಲ್ಲಿ ಬೇಡ್ತಿ ನದಿ ಸುಮಾರು 200 ಮೀಟರ್ ಕೆಳಕ್ಕೆ ಧುಮುಕುತ್ತದೆ. ಅದರಲ್ಲಿ ಧಾರವಾಡದ ಶಾಲ್ಮಲೆಯ ನೀರೂ ಇದೆ ಅಂದರೆ ತಮ್ಮ ಕುಣಿದಾಡುತ್ತಾನೆ. ಹುಬ್ಬಳ್ಳಿಯ ಗಟಾರದ ನೀರೂ ಇದೆ ಎಂಬುದನ್ನು ಕಾಕಾ ಊಟಕ್ಕೆ ಕೂತಾಗ ಹೇಳುತ್ತಾನೆ.

ಬ್ಯಾಗಿನಿಂದ ಮಡಚುವ ಕೋಲು ಎರಡು ಹೊರಬಂದವು. ಅವ್ವನ ಕಣ್ಣಲ್ಲಿ ನೀರು. “ಇಷ್ಟ್ ಲಗೂ ಕೋಲು ಹಿಡಿಯೂಹಂಗ ಆತೇನೋ ಯಪ್ಪಾ?”

ಮಧ್ಯಾಹ್ನ ರೊಟ್ಟಿ ಮುರಿಯುತ್ತ ಮುರಿಯುತ್ತ ತಮ್ಮನ ತಲೆ ಎಣಗಾಯಿ ಪಲ್ಯದತ್ತ ಬಾಗುತ್ತದೆ. ಅಲ್ಲಿಗೂ ಇಲ್ಲಿಗೂ ಈ ದಿನಗಳಲ್ಲಿ ಹನ್ನೆರಡೂವರೆ ತಾಸಿನ ಅಂತರ. ಮೈ ಹೊಂದಿಕೊಳ್ಳುವುದು ದಿನಕ್ಕೆ ಹೆಚ್ಚುಕಮ್ಮಿ ಒಂದೇ ತಾಸು. ರಜೆ ಎರಡು ವಾರ. ಅಂದರೆ ಇಲ್ಲಿನ ನಿದ್ದೆ ಕುದುರುವ ಹೊತ್ತಿಗೆ ವಾಪಸ್ ವಿಮಾನ. ಮಾತಾಡಿಸಲು ಬಂದ ಬೀಗರು ಅವನ ಗೊರಕೆ ಕೇಳಿ, “ಪಾಪ, ಅಲ್ಲೆ ಭಾಳ ದುಡಸ್ತಾರ ಕಾಣಸ್ತದ” ಎಂದು ಚಹಾ ಕುಡಿದು ಎದ್ದರು.

ರಾತ್ರಿ ಎರಡಕ್ಕೆ ತಮ್ಮ ಎದ್ದು ಕೂತ. ಅವನ ಹೊಟ್ಟೆಗೆ ಆಗ ಮಧ್ಯಾಹ್ನ ಒಂದೂವರೆ. ಊರೆಲ್ಲ ಮಲಗಿದೆ ಅಂದುಕೊಂಡು ಅಡುಗೆಮನೆಯಲ್ಲಿ ಕಳ್ಳನ ಹಾಗೆ ಚಕ್ಕುಲಿ ಡಬ್ಬಿ ತೆಗೆದರೆ, ಹೊರಗೆ ಕಾಕಾ ಚಪ್ಪಲಿ ಮೆಟ್ಟುತ್ತಿದ್ದಾನೆ. ತ್ರೀ ಫೇಸ್ ಕರೆಂಟು ಬರುವುದೇ ಆಗ. ಮೋಟಾರು ಚಾಲೂ ಮಾಡಬೇಕು. ಅತ್ತ ಕಾಡಿನ ಅಂಚಿನ ಗೋವಿನಜೋಳದ ಹೊಲಗಳಲ್ಲಿ ಹಂದಿ ಓಡಿಸುವವರು ಡಬ್ಬಾ ಬಡಿಯುತ್ತಿದ್ದಾರೆ. ಅಮೆರಿಕಕ್ಕೆ ಹೋಗದೆಯೇ ಅಮೆರಿಕದ ಟೈಮಿಗೆ ಎಚ್ಚರಿರುವ ಜನ! ತಮ್ಮ ತಲೆಗೆ ದೀಪ ಕಟ್ಟಿಕೊಂಡು ಕಾಕಾನ ಹಿಂದೆ ಹೊರಟ. ಮೂರು ರಾತ್ರಿ ಹೀಗೇ ನಡೆಯಿತು. ಅಷ್ಟು ಚುರುಕಿನ ಕಾವಲುಗಾರ ಕಾಕಾನ ಹೊಲಕ್ಕೆ ಹಿಂದೆಂದೂ ಸಿಕ್ಕಿರಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಮಾಗೋಡಿಗೆ ಒಯ್ಯುವ ಗಾಡಿ ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯಿತು. ತಮ್ಮ ಬೂಟು ಸಮೇತ ಕಟ್ಟೆಯ ಮೇಲೆ ಗಾಢ ನಿದ್ದೆಯಲ್ಲಿದ್ದ. ಕಾಕಾ ಮೆಲ್ಲಗೆ ಅವನ ಹಣೆಯ ದೀಪ ಬಿಚ್ಚಿಕೊಂಡ.

“ಹೋಗೂದಿದ್ರ ಹೋಗ್ ತಮ್ಮಾ, ದೀಪಾ ಇಲ್ಲೇ ಇರ್ಲಿ. ದೀಪಾ ಬೇಕಂದ್ರ, ತೆನಿ ಮುರಿಯೂತನಕ ನೀನೂ ಇಲ್ಲೇ ಇರು.”