ಉತ್ತರವಿಲ್ಲದಿದ್ದರೆ 99

ಸಾಮಾಜಿಕ ನ್ಯಾಯ ತುಂಬ ಭಾರ. ಹೆಗಲಿನ ಅನುಭವದಿಂದ ಹೇಳುತ್ತಿದ್ದೇನೆ. ಹದಿನಾಲ್ಕು ಪುಟದ ಪ್ರಶ್ನಾವಳಿ, ಅದರ ನೆತ್ತಿಗೆ ಪಿನ್ನು ಹೊಡೆದ ಸಮ್ಮತಿ ಪತ್ರ, ಅಂಥ ಕಟ್ಟುಗಳು ಬ್ಯಾಗಿನ ತುಂಬ, ಅದರ ಮೇಲೆ ನೀರಿನ ಬಾಟಲಿ, ಹಾಸ್ಟೆಲಿನ ಚಿತ್ರಾನ್ನದ ಡಬ್ಬಿ. ಇಷ್ಟನ್ನೂ ಹೊತ್ತು ಬೆಳಗಿನ ಮೊದಲ ಬಸ್ಸಿಗೆ ಓಡುವ ಎಂ.ಎ. ವಿದ್ಯಾರ್ಥಿನಿಗೆ ವಿಶ್ವವಿದ್ಯಾಲಯದ ಕಡತದಲ್ಲಿ ‘ಕ್ಷೇತ್ರ ಸಹಾಯಕಿ’ ಎಂದು ಹೆಸರು. ಊರಿನವರ ಬಾಯಲ್ಲಿ ‘ಅದೇನೋ ಬರ್ಕೊಳಕ್ಕೆ ಬಂದಿರೋ ಹುಡ್ಗಿ’. ಕೆಲವರಿಗೆ ನಾನು ಜನಗಣತಿ, ಕೆಲವರಿಗೆ ಸಂಘದ ಸಾಲ ವಸೂಲಿ. ಒಬ್ಬ ಹೆಂಗಸಂತೂ ನನ್ನನ್ನು ಕಂಡ ಕೂಡಲೇ ಒಳಗಿಂದ ಪಾಸ್‌ಬುಕ್ ತಂದು ಮುಖಕ್ಕೆ ಹಿಡಿದಳು. ಅವಳ ಗೃಹಲಕ್ಷ್ಮಿ ಹಣ ಎರಡು ಸಾವಿರ ತಡವಾಗಿತ್ತು. ತಡೆದು ಇಟ್ಟುಕೊಂಡಿರುವವಳು ನಾನೇ ಎಂಬ ಬಗ್ಗೆ ಅವಳಿಗೆ ಅನುಮಾನವೇ ಇರಲಿಲ್ಲ.

ನಮ್ಮ ಯೋಜನೆಯ ವಿಷಯ ಉದ್ಯೋಗ ಖಾತರಿ. 2005ರ ಕಾಯ್ದೆ ಹಳ್ಳಿಯ ಪ್ರತಿ ಕುಟುಂಬಕ್ಕೂ ವರ್ಷಕ್ಕೆ 100 ದಿನದ ಕೂಲಿಯನ್ನು ಹಕ್ಕಾಗಿ ಕೊಟ್ಟಿತಲ್ಲ, ಅದು ದಲಿತ, ಹಿಂದುಳಿದ ಮನೆಗಳ ಹೆಂಗಸರ ಕೈಗೆ ಎಷ್ಟು ಮುಟ್ಟಿದೆ ಎಂದು ನೋಡುವುದು. ಒಳ್ಳೆಯ ಪ್ರಶ್ನೆ, ಈಗಲೂ ಹಾಗೇ ಅನ್ನಿಸುತ್ತದೆ. ಆದರೆ ಆ ಒಂದು ಒಳ್ಳೆಯ ಪ್ರಶ್ನೆಯನ್ನು ಈರುಳ್ಳಿಯಂತೆ ಸಣ್ಣಗೆ ಹೆಚ್ಚಿ, ಒಂದೊಂದು ಚೂರಿನ ಮುಂದೆಯೂ ಒಂದು ಚೌಕ ಬರೆದು ನಮ್ಮ ಕೈಗೆ ಕೊಟ್ಟಿದ್ದರು. ಹೌದು ಎಂದರೆ 1, ಇಲ್ಲ ಎಂದರೆ 2, ಉತ್ತರವಿಲ್ಲದಿದ್ದರೆ 99. ಬಲಗಡೆ ಬೆರಳಗಲದ ಒಂದು ಷರಾ ಕಾಲಂ.

ಮೊದಲ ಕಂಟಕ ಸಮ್ಮತಿ ಪತ್ರದ್ದು. ಉತ್ತರ ಕೊಡುವವರು ಒಪ್ಪಿ ಸಹಿ ಹಾಕಬೇಕು, ಬಾರದಿದ್ದರೆ ಹೆಬ್ಬೆಟ್ಟು ಒತ್ತಬೇಕು. ಸಂಶೋಧನೆಯ ನೀತಿಸಂಹಿತೆ ಅದು, ತಪ್ಪೇನಿಲ್ಲ. ಆದರೆ ಹೆಬ್ಬೆಟ್ಟೊತ್ತಿ ಗದ್ದೆ ಕಳೆದುಕೊಂಡ ಮನೆತನದ ಮುಂದೆ ಇಂಕ್ ಪ್ಯಾಡ್ ತೆರೆದು ನೋಡಿ. ಹರಟೆ ಹೊಡೆಯುತ್ತಿದ್ದ ಜಗಲಿ ಕ್ಷಣದಲ್ಲಿ ಖಾಲಿಯಾಗುತ್ತದೆ. ಎದ್ದು ಹೋಗದೆ ಉಳಿದ ಅಜ್ಜಿಯೊಬ್ಬಳಿಗೆ ನಾನು ಪತ್ರವನ್ನು ಓದಿ ಹೇಳಿದೆ: ‘ನಿಮ್ಮ ಹೆಸರನ್ನು ಗುಟ್ಟಾಗಿ ಇಡ್ತೀವಿ ಅಜ್ಜಿ, ವರದಿಯಲ್ಲಿ ಎಲ್ಲೂ ಬರಲ್ಲ.’

ಅಜ್ಜಿಗೆ ಸಿಟ್ಟು ಬಂತು. ‘ಯಾಕ್ ಬರಕಿಲ್ಲ? ನಾನೇನ್ ಕದ್ದಿದ್ದೀನಾ? ದಪ್ಪಾಗಿ ಬರಿ ಹೆಸ್ರ. ಹೆಸ್ರೇ ಇಲ್ದೆ ಓದ್ರೆ ನನ್ ದುಡ್ಡು ಯಾರ್ಗೆ ಬತ್ತದೆ?’

ಕೆರೆಯ ಹೂಳೆತ್ತಿದ ವಾರದ ಕೂಲಿ ಅವಳಿಗೆ ಬರಬೇಕಿತ್ತು. ಆಧಾರಿನಲ್ಲಿ ಒಂದು ಹೆಸರು, ಜಾಬ್ ಕಾರ್ಡಿನಲ್ಲಿ ಇನ್ನೊಂದು. ಅಜ್ಜಿಯ ಜಗಳವೆಲ್ಲ ತನ್ನ ಹೆಸರು ಸರಿಯಾಗಿ ಎಲ್ಲಾದರೂ ಬರಲಿ ಎಂದು. ನಾನು ಹದಿನಾಲ್ಕು ಪುಟ ಹೊತ್ತು ಹೋಗಿದ್ದು ಅದನ್ನು ಅಳಿಸಿ ‘ಉತ್ತರದಾತರು 47’ ಎಂದು ಬರೆಯಲು.

ಎರಡನೆಯ ಕಂಟಕ ಅಮೆರಿಕದಿಂದ ಬಂದದ್ದು. ರೆನ್ಸಿಸ್ ಲೈಕರ್ಟ್ ಎಂಬ ಮನೋವಿಜ್ಞಾನಿ 1932ರಲ್ಲಿ ಜನರ ಮನೋಭಾವ ಅಳೆಯುವ ಐದು ಮೆಟ್ಟಿಲಿನ ಮಾಪಕವೊಂದನ್ನು ಮಾಡಿದ. ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ಏನೂ ಹೇಳಲಾರೆ, ಒಪ್ಪುವುದಿಲ್ಲ, ಸ್ವಲ್ಪವೂ ಒಪ್ಪುವುದಿಲ್ಲ. ನಮ್ಮ ಕಪಿಲೆ ಬಯಲಿನಲ್ಲಿ ಮಾಪಕಕ್ಕೆ ಎರಡೇ ಮೆಟ್ಟಿಲು: ‘ಊಂ’ ಮತ್ತು ‘ಥೂ’. ‘ಗ್ರಾಮಸಭೆಯಲ್ಲಿ ನನ್ನ ಮಾತಿಗೆ ಬೆಲೆಯಿದೆ’ ಎಂಬ ವಾಕ್ಯಕ್ಕೆ ಗಟ್ಟಿಗಿತ್ತಿಯೊಬ್ಬಳು ನಗಲು ಶುರು ಮಾಡಿದವಳು ಪಕ್ಕದ ಮನೆಯವಳನ್ನೂ ಕೂಗಿ ಕರೆದು ಇನ್ನೊಮ್ಮೆ ಓದಿಸಿದಳು. ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆ ನಗು ಎಷ್ಟನೆಯ ಮೆಟ್ಟಿಲು ಎಂದು ಲೈಕರ್ಟ್ ಎಲ್ಲೂ ಹೇಳಿಲ್ಲ. ನಾನು ಷರಾ ಕಾಲಮ್ಮಿನಲ್ಲಿ ‘ನಕ್ಕರು’ ಎಂದು ಬರೆದೆ.

ಆ ಕಾಲಮ್ಮಿನ ಅಳತೆ ನಿಗದಿ ಮಾಡಿದವರು ಯಾರೋ, ಅವರು ಹಳ್ಳಿಗೆ ಹೋಗಿರಲಾರರು. ಊರಿನ ಮುಖ್ಯ ಬೀದಿಯ ದೊಡ್ಡ ಮನೆಯೊಂದರಲ್ಲಿ ನಾವಿಬ್ಬರು ಕುಳಿತಿದ್ದೆವು, ನಾನು ಮತ್ತು ನನ್ನ ಜೊತೆಗಾರ. ಯಜಮಾನರು ಬಹಳ ಮರ್ಯಾದಸ್ಥರು. ಓದು, ಊರು, ತಂದೆಯ ಹೆಸರು ಎಂದು ವಿಚಾರಿಸುತ್ತಾ ವಿಚಾರಿಸುತ್ತಾ ನಮ್ಮ ಜಾತಿಗಳನ್ನು ಎಷ್ಟು ನಯವಾಗಿ ತಿಳಿದುಕೊಂಡರೆಂದರೆ, ನಮ್ಮ ಪ್ರಶ್ನಾವಳಿ ಬರೆದವರನ್ನು ಅವರ ಹತ್ತಿರ ತರಬೇತಿಗೆ ಕಳಿಸಬಹುದಿತ್ತು. ಆಮೇಲೆ ಟೀ ಬಂತು. ನನಗೆ ಸ್ಟೀಲ್ ಲೋಟದಲ್ಲಿ, ಜೊತೆಗಾರನಿಗೆ ಕಾಗದದ ಲೋಟದಲ್ಲಿ. ‘ಊರಿನಲ್ಲಿ ಅಸ್ಪೃಶ್ಯತೆಯ ಆಚರಣೆ ಇದೆಯೇ’ ಎಂಬ ಪ್ರಶ್ನೆ ಸರಿಯಾಗಿ ಆ ಹೊತ್ತಿಗೇ ಬಂತು. ‘ಛೆ ಛೆ, ಅದೆಲ್ಲ ನಮ್ಮ ತಾತನ ಕಾಲಕ್ಕೇ ಮುಗೀತು’ ಎಂದರು ಯಜಮಾನರು. ನಾನು ಪೆನ್ನು ಹಿಡಿದು ಕುಳಿತೆ. ಜೊತೆಗಾರ ಟೀ ಗುಟುಕರಿಸುತ್ತಾ ಹೇಳಿದ, ‘ಬರ್ಕೊಳ್ಳೇ, 2.’ ದಾರಿಯಲ್ಲಿ ನಾನು ಸುಮ್ಮನಿದ್ದದ್ದು ನೋಡಿ ಅವನೇ ಸಮಾಧಾನ ಮಾಡಿದ. ಕಾಗದದ ಲೋಟಕ್ಕೆ ಒಂದು ಅನುಕೂಲವಿದೆಯಂತೆ, ಕುಡಿದ ಮೇಲೆ ತೊಳೆದಿಡು ಎಂದು ಯಾರೂ ಹೇಳುವುದಿಲ್ಲ.

ಕೇಳುವವರು ನಾವು, ಹೇಳುವವರು ಅವರು ಎಂಬ ಏರ್ಪಾಡು ಮಧ್ಯಾಹ್ನದೊಳಗೆ ತಲೆಕೆಳಗಾಗುತ್ತಿತ್ತು. ‘ನಿಂಗೆ ಏಟು ಕೊಟ್ಟಾರು ಮಗಾ ದಿನಕ್ಕೆ?’ ಎಂದು ಆ ಅಜ್ಜಿಯೇ ಶುರು ಮಾಡಿದಳು. ದಿನಕ್ಕಲ್ಲ, ತುಂಬಿದ ಪ್ರಶ್ನಾವಳಿಗೆ ಇಷ್ಟು ಎಂದೆ. ‘ಅಂಗಾರೆ ಗುತ್ತಿಗೆ’ ಎಂದು ಪಕ್ಕದವಳಿಗೆ ವಿವರಿಸಿದಳು. ‘ಕೊಟ್ರಾ?’ ಇನ್ನೂ ಇಲ್ಲ. ‘ಪೋಟ ಇಡೀತಾರಾ?’ ಹೌದು, ಹಿಡಿಯುತ್ತಾರೆ. ಉದ್ಯೋಗ ಖಾತರಿಯ ಕೂಲಿಗಳನ್ನು ‘ಕಾಯಕ ಬಂಧು’ ಎಂಬ ಮೇಲ್ವಿಚಾರಕ ದಿನಕ್ಕೆ ಎರಡು ಸಲ ಮೊಬೈಲ್ ಆ್ಯಪಿನಲ್ಲಿ ಫೋಟೋ ಹಿಡಿದರೆ ಮಾತ್ರ ಆಗ ಹಾಜರಿ ಬೀಳುತ್ತಿತ್ತು. ನಾವೂ ಊರಿನ ಫಲಕದ ಮುಂದೆ ನಿಂತು ಅಕ್ಷಾಂಶ ರೇಖಾಂಶ ಸಮೇತ ಫೋಟೋ ತೆಗೆದು ಯೋಜನೆಯ ವಾಟ್ಸಾಪ್ ಗುಂಪಿಗೆ ಹಾಕಬೇಕಿತ್ತು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಆ ಕೆಲ್ಸ ಬುಟ್ಬುಡು. ನಮ್ ಜೊತೆ ಕೆರೆಗ್ ಬಾ. ಮುನ್ನೂರ ಅದ್ನಾರ್ ರೂಪಾಯಿ, ಗಂಡಸ್ಗೂ ಒಂದೇ, ಹೆಂಗಸ್ಗೂ ಒಂದೇ. ಕೆಲ್ಸ ಕೇಳೋ ಪಾರಂ ಆರು ನಾನೇ ತುಂಬಿಸ್ಕೊಡ್ತೀನಿ.’

2023-24ರಲ್ಲಿ ಕರ್ನಾಟಕದ ದರ 316 ರೂಪಾಯಿಯೇ. ದರ ಹಾಗಿರಲಿ, ಆ ಕಾಯ್ದೆಯಲ್ಲಿ ನನಗೆ ಹೊಟ್ಟೆಕಿಚ್ಚು ಹುಟ್ಟಿಸಿದ ಕಲಂ ಬೇರೆ. ಕೂಲಿ ಹದಿನೈದು ದಿನದೊಳಗೆ ಸಿಗಬೇಕೆಂದು ಅದರಲ್ಲಿತ್ತು. ತಡವಾದರೆ ಹದಿನಾರನೆಯ ದಿನದಾಚೆಗೆ ದಿನವೊಂದಕ್ಕೆ ಬಾಕಿಯ ಶೇ. 0.05ರಂತೆ ಪರಿಹಾರವೂ ಇತ್ತು. ಅಂದರೆ ಸಾವಿರಕ್ಕೆ ದಿನಕ್ಕೆ 50 ಪೈಸೆ. ಅಜ್ಜಿಗೆ ಅದು ಸಿಕ್ಕಿತೋ ಇಲ್ಲವೋ, ಕಾಗದದ ಮೇಲಾದರೂ ಇತ್ತು. ಸಾಮಾಜಿಕ ನ್ಯಾಯದ ಸಂಶೋಧನೆಗೆ ನೆರವಾದವರಿಗೆ ಆ 50 ಪೈಸೆಯೂ ಇಲ್ಲ.

ನಮ್ಮ ಹಣ ನಿಂತದ್ದು ಎಲ್ಲಿ ಎಂಬುದು ಸ್ವಲ್ಪ ವಿವರಿಸತಕ್ಕ ವಿಷಯ. ಅನುದಾನ ಕಂತಿನಲ್ಲಿ ಬರುತ್ತದೆ. ಮೊದಲ ಕಂತಿನ ಹಣಬಳಕೆ ಪ್ರಮಾಣಪತ್ರ ಹೋಗದೆ ಎರಡನೆಯದು ಬಾರದು. ಪ್ರಮಾಣಪತ್ರಕ್ಕೆ ಲೆಕ್ಕಪತ್ರ ವಿಭಾಗದ ಸಹಿ, ಸಹಿಗೆ ರಸೀದಿಗಳು. ನನ್ನ ಪ್ರಯಾಣದ ರಸೀದಿಗಳೋ, ಎಲ್ಲವೂ ಶಕ್ತಿ ಯೋಜನೆಯ ಶೂನ್ಯ ಟಿಕೆಟ್‌ಗಳು. ಖರ್ಚಾಗಿದ್ದು ಸೊನ್ನೆ, ಹಾಗಾಗಿ ಬಿಲ್ ಬೇಡ ಎಂದುಕೊಂಡಿದ್ದೆ. ‘ಹಾಗೆ ಬರಲ್ಲಮ್ಮ,’ ಎಂದರು ಗುಮಾಸ್ತರು, ‘ಕ್ಷೇತ್ರಕ್ಕೆ ಹೋಗಿದ್ದಕ್ಕೆ ದಾಖಲೆ ಬೇಕಲ್ಲ.’ ಒಂದೊಂದೇ ಟಿಕೆಟನ್ನು ಬಿಳಿ ಹಾಳೆಗೆ ಅಂಟಿಸಿ, ಕೆಳಗೆ ಒಟ್ಟು ಕೂಡಿಸಿ, ‘ಅಕ್ಷರದಲ್ಲಿ: ಸೊನ್ನೆ ರೂಪಾಯಿ ಮಾತ್ರ’ ಎಂದು ಬರೆದುಕೊಟ್ಟೆ. ಅದನ್ನು ಅವರು ಕ್ಯಾಲ್ಕುಲೇಟರಿನಲ್ಲಿ ಇನ್ನೊಮ್ಮೆ ಕೂಡಿಸಿ ನೋಡಿದರು. ಇಷ್ಟಾದ ಮೇಲೆ ಬ್ಯಾಂಕು ಕೈಕೊಟ್ಟಿತು. ಯೋಜನೆಯ ಪಟ್ಟಿಯಲ್ಲಿ ನನ್ನ ಇನಿಶಿಯಲ್ ಹೆಸರಿನ ಹಿಂದೆ, ಪಾಸ್‌ಬುಕ್ಕಿನಲ್ಲಿ ಮುಂದೆ. ಅಜ್ಜಿಯನ್ನು ಉತ್ತರದಾತರು 47 ಎಂದು ಬರೆದಿದ್ದೆನಲ್ಲ, ನನಗೆ ಯಾರೂ ಸಂಖ್ಯೆಯನ್ನೂ ಕೊಡಲಿಲ್ಲ.

ಮಳೆಗಾಲ ಹಿಡಿದ ಮೇಲೆ ದತ್ತಾಂಶ ಕಂಪ್ಯೂಟರಿಗೆ ತುಂಬುವ ಕೆಲಸ. ಒಬ್ಬರು ಅಂಕಿ ಓದುವುದು, ಇನ್ನೊಬ್ಬರು ಕುಟ್ಟುವುದು: ಒಂದು, ಒಂದು, ಎರಡು, ತೊಂಬತ್ತೊಂಬತ್ತು. ಕಿವುಡಿಯೊಬ್ಬಳು, ಮುನಿದವನೊಬ್ಬ, ಗಂಡ ಎದುರಿಗಿದ್ದಾನೆಂದು ಬಾಯಿ ಬಿಡದವಳು, ಎಲ್ಲರೂ ಅದೇ ತೊಂಬತ್ತೊಂಬತ್ತರೊಳಗೆ ಸೇರಿಕೊಂಡರು. ತಮಾಷೆಯೆಂದರೆ, ಊರಿನ ಹಿರಿಯಜ್ಜನೊಬ್ಬ ವಯಸ್ಸು ಕೇಳಿದಾಗ ‘ನೂರಕ್ಕೆ ಒಂದ್ ಕಮ್ಮಿ’ ಎಂದು ಬೊಚ್ಚು ಬಾಯಿ ಬಿಟ್ಟು ನಕ್ಕಿದ್ದ. ಎಸ್‌ಪಿಎಸ್‌ಎಸ್ ತಂತ್ರಾಂಶ ಅವನನ್ನು ‘ವಯಸ್ಸು: ಉತ್ತರವಿಲ್ಲ’ ಎಂದು ಪಕ್ಕಕ್ಕೆ ಸರಿಸಿತು. ಷರಾ ಕಾಲಂ ತುಂಬಲು ತಂತ್ರಾಂಶದಲ್ಲಿ ಜಾಗ ಮಾಡಿರಲೇ ಇಲ್ಲ.

ನಮ್ಮ ಮೇಷ್ಟ್ರು ಈ ಹೊತ್ತಿಗೆ ತಪ್ಪದೆ ಒಂದು ಕಥೆ ಹೇಳುತ್ತಿದ್ದರು. ಮೈಸೂರಿನ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹಳ್ಳಿಯೊಂದರಲ್ಲಿದ್ದು ಬರೆದುಕೊಂಡ ಟಿಪ್ಪಣಿಗಳ ಮೂರೂ ಪ್ರತಿ 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಆಹುತಿಯಾದವು. ಅವರು ನೆನಪಿನಿಂದಲೇ ‘ದಿ ರಿಮೆಂಬರ್ಡ್ ವಿಲೇಜ್’ ಬರೆದರು. ಕಥೆ ಮುಗಿಸಿ ಮೇಷ್ಟ್ರು ಹೇಳುತ್ತಿದ್ದದ್ದು: ‘ಆದ್ದರಿಂದ ಎಲ್ಲರೂ ಪೆನ್‌ಡ್ರೈವಿಗೆ ಹಾಕ್ಕೊಳಿ.’ ನನಗೆ ಅನ್ನಿಸುತ್ತಿದ್ದದ್ದು ಬೇರೆ. ನಮ್ಮ ಕಟ್ಟುಗಳು ಸುಟ್ಟುಹೋದರೆ ಒಂದು-ಎರಡುಗಳ ಪೈಕಿ ಒಂದೂ ನೆನಪಿರಲಾರದು. ಸೆರಗು ಬಾಯಿಗಿಟ್ಟ ಇಬ್ಬರ ನಗು ನೆನಪಿರುತ್ತದೆ, ಕಾಗದದ ಲೋಟ ನೆನಪಿರುತ್ತದೆ. ಪೆನ್‌ಡ್ರೈವಿನಲ್ಲಿ ಇಲ್ಲದ್ದು ಅವಷ್ಟೇ.

ವರದಿ ಬಿಡುಗಡೆಯಾಯಿತು. ಹಾರ, ಶಾಲು, ಹಣ್ಣಿನ ಬುಟ್ಟಿ, ನಾಡಗೀತೆ ಎಲ್ಲ ಇತ್ತು. ನಾವು ಬಾಗಿಲಲ್ಲಿ ನಿಂತು ಬಂದವರಿಗೆ ಫೈಲು ಪೆನ್ನು ಹಂಚಿದೆವು. ‘ಕ್ಷೇತ್ರಕಾರ್ಯದಲ್ಲಿ ಸಹಕರಿಸಿದ ವಿದ್ಯಾರ್ಥಿ ಮಿತ್ರರಿಗೆ’ ಎಂದು ಕೃತಜ್ಞತೆಯಲ್ಲಿ ಅರ್ಧ ಸಾಲಿತ್ತು. ಬಹುಪಾಲು ಉತ್ತರದಾತರು ತೃಪ್ತರಾಗಿದ್ದಾರೆ ಎಂಬುದು ಮುಖ್ಯ ಫಲಿತಾಂಶ. ಊಟ ಮಾತ್ರ ನಿಜಕ್ಕೂ ಚೆನ್ನಾಗಿತ್ತು.

ಕೈ ತೊಳೆಯುವ ಹೊತ್ತಿಗೆ ಮೇಷ್ಟ್ರು ಬಂದು, ಹೊಸ ಯೋಜನೆಯೊಂದು ಮಂಜೂರಾಗಿದೆ, ಅಸಂಘಟಿತ ಕಾರ್ಮಿಕರ ಮೇಲೆ, ಅನುಭವ ಇರುವ ಹುಡುಗರು ಬೇಕು, ಹೆಸರು ಬರೆಸುತ್ತೀರಾ ಎಂದರು. ನಾನು ಬರೆಸಿದೆ. ಜೊತೆಗಾರನೂ ಬರೆಸಿದ, ಆದರೆ ಕ್ಷೇತ್ರ ಸಹಾಯಕನಾಗಿ ಬೇಡ, ಉತ್ತರದಾತನಾಗಿ ಸೇರಿಸಿಕೊಳ್ಳಿ ಸಾರ್ ಎಂದ. ‘ಕೂಲಿ ಸಕಾಲಕ್ಕೆ ಕೈ ಸೇರುತ್ತಿದೆಯೇ ಅಂತ ಒಬ್ಬರಾದರೂ ಬಂದು ಕೇಳ್ತಾರಲ್ಲ.’